ಆಟಗಾರನೇನು ಅಂಗಡಿಯ ಸರಕೇ?

2025ರ ಫೆಬ್ರವರಿ 1ರಂದು, ನಡುರಾತ್ರಿ ಇನ್ನೇನು ಸಮೀಪಿಸುತ್ತಿದ್ದಾಗ, ಅಮೆರಿಕಾದ ಡಲ್ಲಾಸ್ ನಗರದಲ್ಲಿ ಒಂದು ಸುದ್ದಿ ಹೊರಬಿತ್ತು. ಆ ಊರಿನ ಬ್ಯಾಸ್ಕೆಟ್‌ಬಾಲ್ ತಂಡವಾದ ಮಾವೆರಿಕ್ಸ್ ತನ್ನ ಅತಿದೊಡ್ಡ ಆಟಗಾರ ಲೂಕಾ ಡಾನ್ಚಿಚ್ ಅವರನ್ನು ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ ಕೊಟ್ಟುಬಿಟ್ಟಿತ್ತು. ಡಾನ್ಚಿಚ್ ಸ್ಲೊವೇನಿಯಾ ದೇಶದವರು. ಆಗ ಅವರಿಗೆ 25 ವರ್ಷ. ಹಿಂದಿನ ವರ್ಷವಷ್ಟೇ ತಂಡವನ್ನು ಅಂತಿಮ ಪಂದ್ಯಗಳವರೆಗೆ ಒಯ್ದಿದ್ದರು. ತನ್ನನ್ನು ಬೇರೆ ಊರಿಗೆ ಕಳುಹಿಸಿ ಎಂದು ಅವರು ಕೇಳಿರಲಿಲ್ಲ; ಹೋಗುವಿರಾ ಎಂದು ಅವರನ್ನೂ ಯಾರೂ ಕೇಳಿರಲಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಲ್ಲಿಯ ಕೆಳಗೆ ಕೈಹಾಕಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವಂತೆ, ಎರಡು ತಂಡಗಳ ವ್ಯವಸ್ಥಾಪಕರು ಗುಟ್ಟಿನಲ್ಲಿ ಮಾತು ಮುಗಿಸಿದ್ದರು. ವಲ್ಲಿ ತೆಗೆದಾಗ ವ್ಯಾಪಾರವಾಗಿ ಹೋಗಿತ್ತು.

ಮರುದಿನ ಡಲ್ಲಾಸಿನ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಸೇರಿದರು. ಒಂದು ಶವಪೆಟ್ಟಿಗೆಯನ್ನೇ ತಂದಿಟ್ಟು ಶೋಕಿಸಿದರು. ವ್ಯವಸ್ಥಾಪಕನನ್ನು ಕೆಲಸದಿಂದ ತೆಗೆಯಿರಿ ಎಂದು ತಿಂಗಳುಗಟ್ಟಲೆ ಪಂದ್ಯಗಳ ನಡುವೆ ಕೂಗಿದರು. ಆ ಜನರ ದುಃಖವನ್ನು ನಾವು ಹಾಸ್ಯ ಮಾಡುವುದಿಲ್ಲ. ದಿನವೆಲ್ಲ ದುಡಿದು ದಣಿದವನಿಗೆ ಸಂಜೆಯ ಹೊತ್ತು ಒಂದು ತಂಡವಾದರೂ ತನ್ನದೆನ್ನಿಸಿದರೆ ತಪ್ಪೇನು? ಆದರೆ ಆ ಅಭಿಮಾನಿ ಬಂಧುಗಳನ್ನು ಒಂದು ಪ್ರಶ್ನೆ ಕೇಳಲೇಬೇಕಾಗಿದೆ. ಅದಕ್ಕೆ ಹಿಂದಿನ ದಿನದವರೆಗೆ, ಹಿಂದಿನ ವರ್ಷದವರೆಗೆ, ನೀವು ಮಾತನಾಡುತ್ತಿದ್ದುದೇನು? ಯಾರನ್ನು ಕೊಟ್ಟರೆ ಯಾರು ಸಿಗುತ್ತಾರೆ, ಯಾರ ಮೇಲೆ ಎಷ್ಟು ಸೇರಿಸಿದರೆ ಇನ್ನೂ ದೊಡ್ಡವನು ಬರುತ್ತಾನೆ ಎಂಬುದನ್ನೇ ಅಲ್ಲವೇ?

ಗಿರಣಿಯ ಪಾಳಿ ಮುಗಿಸಿ ಬಂದು ಈ ಪತ್ರಿಕೆ ಓದುವ ನಮ್ಮ ವಾಚಕರು, ಎಲ್ಲಿಯ ಡಲ್ಲಾಸ್, ಎಲ್ಲಿಯ ನಾವು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೇ: ಆ ಆಟವನ್ನು ನೋಡುವವರಲ್ಲಿ ಲಾರಿ ಓಡಿಸುವವರು, ಉಗ್ರಾಣಗಳಲ್ಲಿ ಮೂಟೆ ಹೊರುವವರು, ಸಣ್ಣ ಅಂಗಡಿ ಇಟ್ಟುಕೊಂಡವರು ಇದ್ದಾರೆ. ಅಂದರೆ ನಮ್ಮಂಥವರು. ಅಂಥವರ ಬಾಯಲ್ಲಿ ಧಣಿಯ ಭಾಷೆ ಹೇಗೆ ಬಂದು ಕೂತುಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಆಟಕ್ಕಿಂತ ಒಳ್ಳೆಯ ಪಾಠವಿಲ್ಲ.

ವ್ಯಾಪಾರದ ಕ್ರಮ

ಮೊದಲು ಇದರ ಕ್ರಮವನ್ನು ತಿಳಿಯೋಣ. ಅಮೆರಿಕಾದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ಒಬ್ಬ ಧನಿಕನ ಅಥವಾ ಧನಿಕರ ಕೂಟದ ಸ್ವತ್ತು. ಆಟಗಾರ ಕೆಲವು ವರ್ಷಗಳ ಕರಾರಿಗೆ ರುಜು ಹಾಕುತ್ತಾನೆ. ಆ ಕರಾರು ಇರುವಷ್ಟು ಕಾಲ ಧಣಿ ಅದನ್ನು ಬೇರೊಬ್ಬ ಧಣಿಗೆ ಸಾಟಿ ಹಾಕಬಹುದು. ಕರಾರಿನ ಜೊತೆಗೆ ಮನುಷ್ಯನೂ ಹೋಗಬೇಕು. ಇದಕ್ಕೆ ಅಲ್ಲಿ ಟ್ರೇಡ್ ಎನ್ನುತ್ತಾರೆ. ನಮ್ಮ ಸಂತೆಯ ಮಾತಿನಲ್ಲಿ ಸಾಟಿ ವ್ಯಾಪಾರ.

ತಂಡದ ಒಟ್ಟು ಸಂಬಳಕ್ಕೆ ಲೀಗು ಒಂದು ಮಿತಿ ಹಾಕಿದೆ. ಮಿತಿ ಮೀರಿದ ತಂಡ ದೊಡ್ಡ ಸಂಬಳದ ತಾರಾ ಆಟಗಾರನನ್ನು ತರಬೇಕಾದರೆ, ಹೆಚ್ಚುಕಡಿಮೆ ಅಷ್ಟೇ ಸಂಬಳದ ಆಟಗಾರರನ್ನು ಹೊರಗೆ ಕಳುಹಿಸಬೇಕು. ಆದ್ದರಿಂದ ಒಬ್ಬ ತಾರೆ ಬರಬೇಕಾದರೆ ಇಬ್ಬರೋ ಮೂವರೋ ಸಾಧಾರಣ ಆಟಗಾರರು ತಕ್ಕಡಿ ತೂಗಿಸಲು ಗಂಟು ಕಟ್ಟಬೇಕಾಗುತ್ತದೆ. ಸರಿ ತೂಗದಿದ್ದರೆ ಕೊಸರು ಬೇರೆ.

ಇದರ ಮೇಲೆ ಇನ್ನೊಂದಿದೆ. ಪ್ರತಿವರ್ಷ ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹುಡುಗನಿಗೆ ಯಾವ ಊರು ಇಷ್ಟವೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಈ ಸರದಿಯನ್ನೂ ಮಾರಬಹುದು. ಮುಂದಿನ ಏಳು ವರ್ಷಗಳವರೆಗಿನ ಸರದಿಯನ್ನು ಈಗಲೇ ಮಾರಬಹುದು. ನಮ್ಮ ವ್ಯಾಪಾರಿ ಬಂಧುಗಳಿಗೆ ಹೇಳುವುದಾದರೆ ಇದೊಂದು ಹುಂಡಿ. ವಾಯಿದೆ ಬಂದಾಗ ಹುಂಡಿ ತಂದವನಿಗೆ ಸಲ್ಲಬೇಕಾದದ್ದು ಹಣವಲ್ಲ, ಒಬ್ಬ ಹುಡುಗ.

2023ರಲ್ಲಿ ಫೀನಿಕ್ಸ್ ನಗರದ ತಂಡ ಕೆವಿನ್ ಡ್ಯೂರಾಂಟ್ ಎಂಬ ತಾರೆಯನ್ನು ತರುವುದಕ್ಕಾಗಿ ಇಂಥ ನಾಲ್ಕು ಹುಂಡಿಗಳನ್ನು ಬ್ರೂಕ್ಲಿನ್ ತಂಡಕ್ಕೆ ಬರೆದುಕೊಟ್ಟಿತು. ಕೊನೆಯದು 2029ರದ್ದು. ಆ ವರ್ಷ 19 ತುಂಬಿ ಲೀಗಿಗೆ ಬರುವ ಹುಡುಗನಿಗೆ ಈ ಹುಂಡಿ ಬರೆದ ದಿನ ಸುಮಾರು 13 ವರ್ಷ. ನಾವು ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. 13 ವರ್ಷದ ಹುಡುಗ ಎಂದರೆ ಏನೆಂದು ಬಲ್ಲೆವು. ಭಿನ್ನರಾಶಿಯ ಲೆಕ್ಕ ತಪ್ಪುಮಾಡಿ ಬೆಂಚಿನ ಮೇಲೆ ನಿಲ್ಲುವ ವಯಸ್ಸು ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಮ್ಮ ಹಿರಿಯರು ಕಂಡು ನಕ್ಕಿದ್ದರು. ಈಗಿನ ಧಣಿಗಳು ಕುಲಾವಿಯೊಡನೆ ಕೂಸನ್ನೂ ಒತ್ತೆಯಿಟ್ಟಿದ್ದಾರೆ.

ಅಭಿಮಾನಿಯ ಮೂರು ಪಕ್ಷಗಳು

ಒಂದು ತಂಡ ಸೋಲತೊಡಗಿತೆಂದರೆ ಅಭಿಮಾನಿಗಳು ಮೂರು ಪಕ್ಷಗಳಾಗಿ ಒಡೆಯುತ್ತಾರೆ. ಮೊದಲನೆಯವರು ಅವಸರದವರು. ಇರುವ ಹುಂಡಿಗಳನ್ನೆಲ್ಲ ಸುರಿಯಿರಿ, ಎಳೆಯ ಆಟಗಾರರನ್ನೆಲ್ಲ ಕೊಡಿ, ತಾರೆಯನ್ನು ಈ ವರ್ಷವೇ ತನ್ನಿ ಎನ್ನುತ್ತಾರೆ. ಎರಡನೆಯವರು ಜಿಪುಣರು. ಇಬ್ಬರನ್ನು ಕೊಡಬಹುದು, ಮೂರನೆಯವನನ್ನು ಮಾತ್ರ ಕೊಡಬೇಡಿ, ಅವನ ಬೆಲೆ ಮುಂದಿನ ವರ್ಷ ಏರುತ್ತದೆ ಎನ್ನುತ್ತಾರೆ. ಮೂರನೆಯವರು ದೂರಾಲೋಚನೆಯವರು. ಈಗಿರುವ ಹಿರಿಯರನ್ನೆಲ್ಲ ಮಾರಿಬಿಡಿ, ನಾಲ್ಕು ವರ್ಷ ಸೋತರೂ ಚಿಂತೆಯಿಲ್ಲ, ಹುಂಡಿ ಕೂಡಿಹಾಕಿ ಎನ್ನುತ್ತಾರೆ.

ಈ ಮೂವರ ಜಗಳ ಮುಗಿಯುವುದಿಲ್ಲ. ಯಾರ ಸಂಬಳ ಯಾರಿಗೆ ಸರಿಹೊಂದುತ್ತದೆ ಎಂದು ಕೂಡಿ ಕಳೆಯುವ ಯಂತ್ರವೊಂದನ್ನು ಅಲ್ಲಿನ ಕ್ರೀಡಾ ಸುದ್ದಿಸಂಸ್ಥೆಯೇ ಜನರಿಗೆ ಬಿಟ್ಟಿಯಾಗಿ ಒದಗಿಸಿದೆ. ಜನ ರಾತ್ರಿಯೆಲ್ಲ ಕುಳಿತು ಮನುಷ್ಯರನ್ನು ಆ ಪಟ್ಟಿಯಿಂದ ಈ ಪಟ್ಟಿಗೆ ದಾಟಿಸುತ್ತಾರೆ. ಮೂರು ಪಕ್ಷಗಳಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೆ ಒಂದು ವಿಷಯದಲ್ಲಿ ಮೂವರೂ ಒಂದೇ: ಆಟಗಾರ ಧಣಿಯ ಸೊತ್ತು, ಅದನ್ನು ಹೇಗೆ ವಿನಿಯೋಗಿಸಬೇಕು ಎಂಬುದಷ್ಟೇ ಚರ್ಚೆ. ಧಣಿಯ ಕಿರ್ದಿ ಪುಸ್ತಕವನ್ನು ಸಂಬಳವಿಲ್ಲದೆ ಬರೆಯುವ ಗುಮಾಸ್ತರು ಮೂವರೂ.

ಅವರು ಬಳಸುವ ಮಾತುಗಳನ್ನು ನೋಡಿ. ಒಬ್ಬ ಆಟಗಾರನಿಗೆ ಆಸ್ತಿ ಎನ್ನುತ್ತಾರೆ. ಇನ್ನೊಬ್ಬನಿಗೆ, ಕರಾರು ಮುಗಿಯುತ್ತ ಬಂದವನಿಗೆ, ಮುಗಿಯುವ ಕರಾರು ಎಂದೇ ಹೆಸರು. ಕಾಲಿಗೆ ಪೆಟ್ಟಾದವನಿಗೆ ಕೆಟ್ಟ ಸಾಲ ಎನ್ನುವ ಧಾಟಿಯಲ್ಲಿ ಮಾತನಾಡುತ್ತಾರೆ. ‘ನಾವು ಅವನನ್ನು ತೊಲಗಿಸಬೇಕು’, ‘ನಾವು ಇವನನ್ನು ಕೊಂಡುಕೊಳ್ಳಬೇಕು’ ಎನ್ನುತ್ತಾರೆ. ಈ ‘ನಾವು’ ಯಾರು ಸ್ವಾಮಿ? ತಂಡದಲ್ಲಿ ನಿಮಗೆ ಎಷ್ಟು ಪಾಲಿದೆ? ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಕಥೆಯನ್ನು ಕೇಳಿದ್ದೆವು. ಇಲ್ಲಿ ಅಳಿಯನೂ ಅಲ್ಲದ, ನೆಂಟನೂ ಅಲ್ಲದ, ಬಾಗಿಲಲ್ಲಿ ಟಿಕೆಟ್ಟು ಕೊಂಡು ಒಳಗೆ ಬಂದವನು ದಾನಕ್ಕೆ ನಿಂತಿದ್ದಾನೆ.

ಕೊಸರಿಗೆ ಹೋದವರು

ತಾರೆಯ ಹೆಸರು ಎಲ್ಲರಿಗೂ ಗೊತ್ತು. ತಕ್ಕಡಿ ತೂಗಿಸಲು ಹೋದವರ ಕಥೆ ಕೇಳಿ.

ಮಿಕಾಲ್ ಬ್ರಿಡ್ಜಸ್ ಫಿಲಡೆಲ್ಫಿಯಾ ಕಡೆಯವರು. ಅಲ್ಲಿಯೇ ಬೆಳೆದು, ಅಲ್ಲಿಯೇ ಕಾಲೇಜಿನಲ್ಲಿ ಆಡಿದವರು. 2018ರಲ್ಲಿ ಹುಡುಗರ ಆಯ್ಕೆಯ ರಾತ್ರಿ ಫಿಲಡೆಲ್ಫಿಯಾ ತಂಡವೇ ಅವರನ್ನು ಆರಿಸಿಕೊಂಡಿತು. ಅವರ ತಾಯಿ ಆ ತಂಡವನ್ನು ನಡೆಸುವ ಸಂಸ್ಥೆಯಲ್ಲಿಯೇ ಕೆಲಸದಲ್ಲಿದ್ದರು. ತಾಯಿ ಮಗ ಇಬ್ಬರಿಗೂ ಅದು ಎಂಥ ಗಳಿಗೆಯೆಂಬುದನ್ನು ನಾವು ಬರೆದು ಹೇಳಬೇಕಾಗಿಲ್ಲ. ಆ ರಾತ್ರಿ ಮುಗಿಯುವುದರೊಳಗೆ ತಂಡ ಅವರನ್ನು ಫೀನಿಕ್ಸಿಗೆ ಸಾಟಿ ಹಾಕಿತ್ತು.

ಬ್ರಿಡ್ಜಸ್ ಫೀನಿಕ್ಸಿನಲ್ಲಿ ಒಂದೇ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದರು. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ ಮಸ್ಟರ್ ರೋಲಿನಲ್ಲಿ ಒಂದು ದಿನವೂ ಗೈರುಹಾಜರಿ ಇಲ್ಲದ ಕೆಲಸಗಾರ. 2021ರಲ್ಲಿ ತಂಡ ಅಂತಿಮ ಪಂದ್ಯಗಳನ್ನು ಮುಟ್ಟಿದಾಗ ಅದರಲ್ಲಿ ಇವರ ಬೆವರೂ ಇತ್ತು. 2023ರಲ್ಲಿ ಡ್ಯೂರಾಂಟ್ ಬೇಕೆನಿಸಿದಾಗ ಇವರನ್ನೂ, ಕ್ಯಾಮರಾನ್ ಜಾನ್ಸನ್ ಎಂಬವರನ್ನೂ, ಜೇ ಕ್ರೌಡರ್ ಎಂಬ ಹಿರಿಯ ಆಟಗಾರರನ್ನೂ ನಾಲ್ಕು ಹುಂಡಿಗಳೊಡನೆ ಬ್ರೂಕ್ಲಿನ್ನಿಗೆ ರವಾನಿಸಿದರು. ಕ್ರೌಡರ್ ಅವರನ್ನು ಬ್ರೂಕ್ಲಿನ್ನಿನವರು ಇಳಿಸಿಕೊಳ್ಳಲೂ ಇಲ್ಲ. ಅಲ್ಲಿಂದಲೇ ಮಿಲ್ವಾಕಿಗೆ ದಾಟಿಸಿದರು. ಒಂದು ತಂಡಕ್ಕೆ ಒಂದು ವರ್ಷಕ್ಕೆ 82 ಪಂದ್ಯ. ಬ್ರಿಡ್ಜಸ್ ಆ ವರ್ಷ ಎರಡು ತಂಡಗಳ ಪರವಾಗಿ ಒಟ್ಟು 83 ಪಂದ್ಯ ಆಡಿದರು. ಸಾಟಿಗೆ ಹೋದ ಮೇಲೂ ಒಂದು ದಿನ ಹೆಚ್ಚೇ ದುಡಿದರು. 2024ರಲ್ಲಿ ಅವರನ್ನು ಮತ್ತೊಂದು ಕಟ್ಟು ಹುಂಡಿಗಳಿಗೆ ನ್ಯೂಯಾರ್ಕ್ ತಂಡಕ್ಕೆ ಕೊಡಲಾಯಿತು.

2019ರಲ್ಲಿ ಇದೇ ಡಲ್ಲಾಸಿನಲ್ಲಿ ಹ್ಯಾರಿಸನ್ ಬಾರ್ನ್ಸ್ ಎಂಬ ಆಟಗಾರರು ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತಿದ್ದರು. ಪಂದ್ಯ ನಡೆಯುತ್ತಿದ್ದಂತೆಯೇ ಅವರನ್ನು ಸ್ಯಾಕ್ರಮೆಂಟೋ ತಂಡಕ್ಕೆ ಕೊಟ್ಟ ಸುದ್ದಿ ಬಂತು. ಆ ತಂಡದ ಒಡೆಯರು ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ನಮ್ಮ ದೇಶದಲ್ಲಿ ಹುಟ್ಟಿದವನು ಧಣಿಯಾದ ಮಾತ್ರಕ್ಕೆ ಧಣಿತನದ ರೀತಿ ಬೇರೆಯಾಗುವುದಿಲ್ಲ ಎಂಬುದನ್ನು ಹೇಳಲಷ್ಟೇ ಈ ಮಾತು. ಬಾರ್ನ್ಸ್ ಎದ್ದು ಹೋಗಲಿಲ್ಲ. ಇನ್ನು ತನ್ನದಲ್ಲದ ತಂಡದ ಬೆಂಚಿನ ಮೇಲೆ ಪಂದ್ಯ ಮುಗಿಯುವವರೆಗೆ ಕುಳಿತು ಜೊತೆಗಾರರಿಗೆ ಬೆಂಬಲ ಕೊಟ್ಟರು. ಮಗ್ಗದ ಮುಂದೆ ನಿಂತು ಕೆಲಸ ಮಾಡುತ್ತಿರುವವನ ಕೈಗೆ ಪಾಳಿಯ ನಡುವೆ ಚೀಟಿ ಕೊಟ್ಟಂತೆ ಇದು. ಆ ಹೊತ್ತಿನಲ್ಲಿ ಮರ್ಯಾದೆ ತೋರಿಸಿದವನು ಯಾರು, ತೋರಿಸದವನು ಯಾರು, ವಾಚಕರೇ ತೀರ್ಮಾನಿಸಲಿ.

ಡಾನ್ಚಿಚ್ ವ್ಯಾಪಾರದಲ್ಲೂ ಕೊಸರಿಗೆ ಹೋದವರಿದ್ದರು. ಲೇಕರ್ಸ್ ತಂಡ ಆಂಟನಿ ಡೇವಿಸ್ ಎಂಬ ದೊಡ್ಡ ಆಟಗಾರರ ಜೊತೆಗೆ ಮ್ಯಾಕ್ಸ್ ಕ್ರಿಸ್ಟಿ ಎಂಬ ಎಳೆಯರನ್ನೂ 2029ರ ಹುಂಡಿಯನ್ನೂ ಡಲ್ಲಾಸಿಗೆ ಕೊಟ್ಟಿತು. ಲೆಕ್ಕ ಹೊಂದಿಸಲು ಇನ್ನೊಬ್ಬ ಎಳೆಯ ಆಟಗಾರರನ್ನು ಯೂಟಾ ತಂಡಕ್ಕೆ ದಾಟಿಸಲಾಯಿತು. ಯೂಟಾದವರು ಅವರನ್ನು ಬೇಗನೆ ಕೈಬಿಟ್ಟರು. ಶವಪೆಟ್ಟಿಗೆ ತಂದವರಲ್ಲಿ ಆತನಿಗಾಗಿ ಒಂದು ಹೂವು ಇಟ್ಟವರು ಯಾರು?

ಲಾಭವಾದರೂ ಆಯಿತೇ?

ಭಾವನೆಯ ಮಾತು ಬಿಡಿ, ಗೆಲುವು ಮುಖ್ಯ ಎನ್ನುವವರಿದ್ದಾರೆ. ಸರಿ, ಅವರ ತಕ್ಕಡಿಯಲ್ಲಿಯೇ ತೂಗೋಣ.

ಡ್ಯೂರಾಂಟ್ ಬಂದ ವರ್ಷ ಫೀನಿಕ್ಸ್ ಎರಡನೆಯ ಸುತ್ತಿನಲ್ಲಿ ಸೋತಿತು. 2024ರಲ್ಲಿ ಮೊದಲ ಸುತ್ತಿನಲ್ಲಿಯೇ ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಿತ್ತು. 2025ರಲ್ಲಿ ಆ ಸುತ್ತನ್ನೂ ಮುಟ್ಟಲಿಲ್ಲ. ಅದೇ ಬೇಸಿಗೆಯಲ್ಲಿ ಡ್ಯೂರಾಂಟ್ ಅವರನ್ನು ಹ್ಯೂಸ್ಟನ್ನಿಗೆ ಕೊಟ್ಟು ಕೈತೊಳೆದುಕೊಂಡಿತು. ಬರೆದುಕೊಟ್ಟ ಹುಂಡಿಗಳಲ್ಲಿ ಹೆಚ್ಚಿನವು ಮಾತ್ರ ಬರೆದುಕೊಟ್ಟಂತೆಯೇ ಉಳಿದವು.

2019ರಲ್ಲಿ ಲಾಸ್ ಏಂಜಲೀಸಿನ ಮತ್ತೊಂದು ತಂಡವಾದ ಕ್ಲಿಪ್ಪರ್ಸ್, ಪಾಲ್ ಜಾರ್ಜ್ ಎಂಬ ತಾರೆಗಾಗಿ ಐದು ಹುಂಡಿಗಳನ್ನೂ ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಎಂಬ ಒಂದೇ ವರ್ಷ ಆಡಿದ್ದ ಹುಡುಗನನ್ನೂ ಓಕ್ಲಹಾಮಾ ತಂಡಕ್ಕೆ ಕೊಟ್ಟಿತು. ಅಂದು ಆ ವ್ಯಾಪಾರವನ್ನು ಹೊಗಳದವರೇ ಕಡಿಮೆ. 2024ರಲ್ಲಿ ಜಾರ್ಜ್ ಬೇರೆ ತಂಡಕ್ಕೆ ಹೊರಟರು. ಕ್ಲಿಪ್ಪರ್ಸಿಗೆ ಅಷ್ಟರಲ್ಲಿ ಒಂದು ಪ್ರಶಸ್ತಿಯೂ ಬಂದಿರಲಿಲ್ಲ. ಕೊಸರಿಗೆ ಹೋದ ಆ ಹುಡುಗ 2025ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆನಿಸಿ ಓಕ್ಲಹಾಮಾಕ್ಕೆ ಪ್ರಶಸ್ತಿ ತಂದರು.

ಇನ್ನು ಡಲ್ಲಾಸ್. ಡೇವಿಸ್ ಅಲ್ಲಿ ಆಡಿದ ಮೊದಲ ಪಂದ್ಯದಲ್ಲಿಯೇ ಪೆಟ್ಟು ತಿಂದರು. ಆ ವರ್ಷ ತಂಡ ಮುಂದಿನ ಸುತ್ತು ಮುಟ್ಟಲಿಲ್ಲ. ವ್ಯಾಪಾರ ಮಾಡಿದ ವ್ಯವಸ್ಥಾಪಕ ನಿಕೋ ಹ್ಯಾರಿಸನ್ ಅವರನ್ನು 2025ರ ನವೆಂಬರಿನಲ್ಲಿ ಕೆಲಸದಿಂದ ತೆಗೆದರು. ಒಪ್ಪಿಗೆ ಕೊಟ್ಟ ಧಣಿಗಳನ್ನು ತೆಗೆಯುವವರು ಯಾರು? ಜಾಬರನ ತಲೆ ಉರುಳುತ್ತದೆ, ಗಿರಣಿ ಯಜಮಾನನದು ಉಳಿಯುತ್ತದೆ. ಇದು ನಮಗೇನೂ ಹೊಸ ಸಂಗತಿಯಲ್ಲ.

ಎಲ್ಲ ವ್ಯಾಪಾರವೂ ಕೆಟ್ಟಿತೆಂದು ನಾವು ಸುಳ್ಳು ಹೇಳುವುದಿಲ್ಲ. ಕೆನಡಾದ ಟೊರಾಂಟೊ ತಂಡ 2018ರಲ್ಲಿ ಡೆಮಾರ್ ಡಿರೋಜನ್ ಅವರನ್ನು ಕೊಟ್ಟು ಕವಾಯ್ ಲೆನಾರ್ಡ್ ಅವರನ್ನು ತಂದಿತು. 2019ರಲ್ಲಿ ಪ್ರಶಸ್ತಿ ಗೆದ್ದಿತು. ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಒಪ್ಪುತ್ತೇವೆ. ಆದರೆ ಡಿರೋಜನ್ ಅವರು 9 ವರ್ಷ ಆ ಊರಿಗಾಗಿ ಆಡಿದವರು. 2016ರಲ್ಲಿ ಬೇರೆ ಕಡೆ ಹೋಗುವ ಸ್ವಾತಂತ್ರ್ಯವಿದ್ದಾಗಲೂ ಅಲ್ಲಿಯೇ ನಿಂತವರು. ವ್ಯಾಪಾರದ ನಂತರ ವ್ಯವಸ್ಥಾಪಕರೇ ಅವರೊಡನೆ ಮಾತಿನಲ್ಲಿ ಎಡವಟ್ಟಾಯಿತೆಂದು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ತಂದ ತಾರೆಯಾದರೋ ಒಂದೇ ವರ್ಷ ಆಡಿ ಹೊರಟರು. ಗೆದ್ದ ಹಬ್ಬದ ಖರ್ಚನ್ನು, ಊರನ್ನು ನಂಬಿದ್ದ ಒಬ್ಬ ಮನುಷ್ಯನ ತಲೆಗೆ ಕಟ್ಟಿ ಹಬ್ಬ ಮಾಡಿದ್ದಾಯಿತು. ಹಬ್ಬ ನಡೆಯಿತು ಎಂಬುದು ಆ ಲೆಕ್ಕ ಸರಿಯೆನ್ನುವುದಕ್ಕೆ ಉತ್ತರವಲ್ಲ.

ಕೋಟಿ ಸಂಬಳದವರ ಬಗ್ಗೆ ಕನಿಕರವೇಕೆ?

ಈಗ ನಮ್ಮ ವಾಚಕರ ನಾಲಗೆಯ ತುದಿಯಲ್ಲಿರುವ ಪ್ರಶ್ನೆಗೆ ಬರೋಣ. ಡಾನ್ಚಿಚ್ 2025ರ ಆಗಸ್ಟಿನಲ್ಲಿ ಲೇಕರ್ಸ್ ತಂಡದೊಡನೆ ಮೂರು ವರ್ಷಕ್ಕೆ 16 ಕೋಟಿ 50 ಲಕ್ಷ ಡಾಲರುಗಳ ಕರಾರು ಮಾಡಿಕೊಂಡರು. ಬದಲಿ ಕೆಲಸಕ್ಕಾಗಿ ಬೆಳಗಿನ ಜಾವ ಗೇಟಿನ ಮುಂದೆ ನಿಲ್ಲುವವನು ಇಂಥವರಿಗಾಗಿ ಅಳಬೇಕೇ?

ಅಳಬೇಡಿ. ಕನಿಕರ ತೋರಿಸಿ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ನೋಡಿ ಎನ್ನುತ್ತಿದ್ದೇವೆ. ಲೀಗಿನ ಕಟ್ಟಳೆಯ ಪ್ರಕಾರ ಒಂದೇ ತಂಡದಲ್ಲಿ ಉಳಿದ ದೊಡ್ಡ ಆಟಗಾರನಿಗೆ ಆ ತಂಡ ಹೆಚ್ಚಿನ ಮಿತಿಯ ಸಂಬಳ ಕೊಡಬಹುದು. ಅದು ನಿಷ್ಠೆಗೆ ಇಟ್ಟ ಬಹುಮಾನ. ಡಾನ್ಚಿಚ್ ಆ ಗೆರೆಯ ಹತ್ತಿರ ಬಂದಾಗ ಧಣಿ ಅವರನ್ನು ಹೊರಗೆ ಕಳುಹಿಸಿದ. ಹೊಸ ತಂಡದಲ್ಲಿ ಆ ಹಕ್ಕಿಲ್ಲ. ಗ್ರಾಚ್ಯುಯಿಟಿಯ ವರ್ಷ ತುಂಬುವ ಮುಂಚೆ ಹೆಸರು ಹೊಡೆದುಹಾಕುವ ಯಜಮಾನನನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಸಂಬಳದ ಸೊನ್ನೆಗಳು ಬೇರೆ, ಚಾಳಿ ಒಂದೇ.

ಧಣಿಯ ಸೊನ್ನೆಗಳನ್ನೂ ಎಣಿಸಿ. ಲೇಕರ್ಸ್ ತಂಡವನ್ನು 1979ರಲ್ಲಿ ಜೆರಿ ಬಸ್ ಎಂಬ ಧನಿಕರು ಕೊಂಡರು. ಅದರ ಜೊತೆಗೆ ಒಂದು ಐಸ್ ಹಾಕಿ ತಂಡ, ಒಂದು ಕ್ರೀಡಾಂಗಣ, ಒಂದು ಜಮೀನು, ಎಲ್ಲ ಸೇರಿ 6 ಕೋಟಿ 75 ಲಕ್ಷ ಡಾಲರು. 2025ರಲ್ಲಿ ಆ ಮನೆತನ ಬಹುಪಾಲು ಒಡೆತನವನ್ನು ಬಿಟ್ಟುಕೊಟ್ಟಾಗ ತಂಡವೊಂದಕ್ಕೇ ಕಟ್ಟಿದ ಬೆಲೆ ಸುಮಾರು 1,000 ಕೋಟಿ ಡಾಲರು. 2024ರಲ್ಲಿ ಲೀಗು ಪ್ರಸಾರ ಕಂಪೆನಿಗಳೊಡನೆ 11 ವರ್ಷಕ್ಕೆ ಮಾಡಿಕೊಂಡ ಕರಾರು ಸುಮಾರು 7,600 ಕೋಟಿ ಡಾಲರು. ಆಟಗಾರ ಮೊಣಕಾಲು ಸವೆಯುವವರೆಗೆ ಆಡಿ ಮೂವತ್ತೈದಕ್ಕೆ ಮನೆಗೆ ಹೋಗುತ್ತಾನೆ. ಧಣಿಯ ಮೊಣಕಾಲು ಸವೆಯುವುದಿಲ್ಲ. ಡಲ್ಲಾಸಿನಲ್ಲಿ ಡಾನ್ಚಿಚ್ ಹೋದ ಮೇಲೂ ಮುಂದಿನ ವರ್ಷದ ಟಿಕೆಟ್ ದರ ಏರಿತೇ ಹೊರತು ಇಳಿಯಲಿಲ್ಲ. ತಾರೆ ಬಂದರೂ ದರ ಏರುತ್ತದೆ, ಹೋದರೂ ಏರುತ್ತದೆ. ಅಭಿಮಾನಿ ಬಂಧು ಈ ವ್ಯಾಪಾರದಲ್ಲಿ ತಾನು ಯಾವ ಕಡೆಯವನೆಂದು ಇನ್ನೂ ಯೋಚಿಸುತ್ತಿದ್ದಾನೆ.

ದೊಡ್ಡ ತಾರೆಗಳು ತಾವೇ ಹಟ ಹಿಡಿದು ತಂಡ ಬದಲಾಯಿಸುತ್ತಾರಲ್ಲ ಎಂದು ಇನ್ನೊಂದು ಆಕ್ಷೇಪವಿದೆ. ನಿಜ. ಡ್ಯೂರಾಂಟ್ ಹಾಗೆ ಕೇಳಿದರು. 2019ರಲ್ಲಿ ಡೇವಿಸ್ ಕೂಡ ಕೇಳಿದ್ದರು. ಆದರೆ ಡ್ಯೂರಾಂಟ್ ಕೇಳಿದಾಗ ಬ್ರಿಡ್ಜಸ್ ಕೇಳಿರಲಿಲ್ಲ. ಕೂಗು ದೊಡ್ಡದಿರುವ ಒಬ್ಬನ ಇಷ್ಟ ನಡೆಯಬೇಕಾದರೆ ಕೂಗು ಕೇಳಿಸದ ಮೂವರ ಇಷ್ಟ ಮುರಿಯಬೇಕು. ಈ ಕಟ್ಟಳೆಯಲ್ಲಿ ತಾರೆಯ ಸ್ವಾತಂತ್ರ್ಯವೂ ಜೊತೆಗಾರನ ಬೆನ್ನಿನ ಮೇಲೆ ನಿಂತಿದೆ. ತಪ್ಪು ಕಟ್ಟಳೆಯದು.

ಅಭಿಮಾನಿಯ ನ್ಯಾಯವೂ ಒಕ್ಕಣ್ಣಿನದು. 2010ರಲ್ಲಿ ಲೆಬ್ರಾನ್ ಜೇಮ್ಸ್ ತಮ್ಮ ಕರಾರು ಮುಗಿದ ಮೇಲೆ, ಯಾರ ಸಾಲವನ್ನೂ ಉಳಿಸಿಕೊಳ್ಳದೆ, ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋದರು. ಜನ ಅವರ ಹೆಸರಿನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟರು. ಧಣಿ ಬಹಿರಂಗ ಪತ್ರ ಬರೆದು ಹಳಿದ. ಆಟಗಾರ ತಾನಾಗಿ ಹೋದರೆ ದ್ರೋಹ. ಧಣಿ ಕಳುಹಿಸಿದರೆ ವ್ಯವಹಾರ. ಕೆಲಸಗಾರ ಗಿರಣಿ ಬಿಟ್ಟರೆ ಉಪ್ಪು ತಿಂದ ಮನೆಗೆ ಎರಡು ಬಗೆದವನು. ಗಿರಣಿ ಕೆಲಸಗಾರನನ್ನು ಬಿಟ್ಟರೆ ಅದು ಕಾಲದ ಅಗತ್ಯ. ಈ ಎರಡು ವಾಕ್ಯಗಳಿಗೆ ತಾಯಿ ಒಬ್ಬಳೇ.

ಹಕ್ಕು ಬಂದ ಬಗೆ

ಕರಾರು ಮುಗಿದ ಮೇಲೆ ಹೋಗುವ ಆ ಹಕ್ಕಾದರೂ ಆಟಗಾರರಿಗೆ ಧಣಿಗಳು ಪ್ರೀತಿಯಿಂದ ಕೊಟ್ಟದ್ದಲ್ಲ.

ಆಟಗಾರರ ಸಂಘ 1954ರಲ್ಲಿ ಬಾಬ್ ಕೂಸಿ ಅವರ ಮುಂದಾಳತ್ವದಲ್ಲಿ ಹುಟ್ಟಿತು. ವರ್ಷಗಟ್ಟಲೆ ಧಣಿಗಳು ಅದರ ಮಾತಿಗೆ ಕಿವಿಗೊಡಲಿಲ್ಲ. 1964ರ ಜನವರಿ 14ರಂದು ಬಾಸ್ಟನ್ನಿನಲ್ಲಿ ಲೀಗಿನ ಶ್ರೇಷ್ಠ ಆಟಗಾರರೆಲ್ಲ ಸೇರುವ ಪ್ರದರ್ಶನ ಪಂದ್ಯ. ಅಂದು ರಾತ್ರಿ ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡಲು ಕುಳಿತಿತ್ತು. ಪಿಂಚಣಿಗೆ ಒಪ್ಪುವವರೆಗೆ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿಯೇ ಕುಳಿತರು. ಲೇಕರ್ಸ್ ತಂಡದ ಅಂದಿನ ಧಣಿ ತನ್ನ ಇಬ್ಬರು ತಾರೆಗಳಾದ ಎಲ್ಜಿನ್ ಬೇಲರ್ ಮತ್ತು ಜೆರಿ ವೆಸ್ಟ್ ಅವರಿಗೆ ಬೆದರಿಕೆಯ ಮಾತು ಹೇಳಿ ಕಳುಹಿಸಿದ. ಇಬ್ಬರೂ ಏಳಲಿಲ್ಲ. ಪಂದ್ಯ ತಡವಾಯಿತು. ಲೀಗಿನ ಮುಖ್ಯಾಧಿಕಾರಿ ವಾಲ್ಟರ್ ಕೆನಡಿ ಬಂದು ಪಿಂಚಣಿಯ ಮಾತು ಕೊಟ್ಟ ಮೇಲೆಯೇ ಚೆಂಡು ಮೇಲಕ್ಕೆ ಹಾರಿತು. ತಾರೆಗಳು ತಾರೆಗಳಾಗಿ ಉಳಿಯದೆ ಆ ರಾತ್ರಿ ಕೆಲಸಗಾರರಾದರು, ಅದಕ್ಕೇ ಗೆದ್ದರು.

1970ರಲ್ಲಿ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಅವರ ಹೆಸರಿನಲ್ಲಿ ಆಟಗಾರರು ನ್ಯಾಯಾಲಯಕ್ಕೆ ಹೋದರು. ಆಗ ಕರಾರು ಮುಗಿದರೂ ಆಟಗಾರ ಅದೇ ತಂಡಕ್ಕೆ ಕಟ್ಟುಬಿದ್ದವನೇ. ಆರು ವರ್ಷ ವ್ಯಾಜ್ಯ ನಡೆದು 1976ರಲ್ಲಿ ರಾಜಿಯಾಯಿತು, ಕಟ್ಟು ಸಡಿಲವಾಯಿತು. ಪೂರ್ತಿ ಬಿಡುಗಡೆಗೆ 1988ರವರೆಗೆ ಕಾಯಬೇಕಾಯಿತು. 18 ವರ್ಷ!

ಬೇಸ್‌ಬಾಲ್ ಆಟದಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರರು 1969ರಲ್ಲಿ ತನ್ನನ್ನು ಕೇಳದೆ ಬೇರೆ ಊರಿಗೆ ಕೊಟ್ಟಾಗ ಹೋಗಲಾರೆ ಎಂದರು. ತಾನು ಕೊಂಡು ಮಾರುವ ವಸ್ತುವಲ್ಲ ಎಂದು ಮುಖ್ಯಾಧಿಕಾರಿಗೆ ಬರೆದರು. ಅವರ ಸಂಬಳವೂ ಅಂದಿಗೆ ದೊಡ್ಡದೇ. ಸಂಬಳ ದೊಡ್ಡದಾದ ಮಾತ್ರಕ್ಕೆ ದಾಸ್ಯ ದಾಸ್ಯವಲ್ಲದೆ ಹೋಗುವುದಿಲ್ಲ ಎಂಬುದು ಅವರ ವಾದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅವರ ಆಟದ ಬಾಳು ಅಲ್ಲಿಗೆ ಮುಗಿದೇ ಹೋಗಿತ್ತು. ಆದರೆ 1973ರಲ್ಲಿ ಬೇಸ್‌ಬಾಲ್ ಸಂಘ ಒಂದು ಕಟ್ಟಳೆ ಗಳಿಸಿತು: ಲೀಗಿನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಆಡಿದವನನ್ನು ಅವನ ಒಪ್ಪಿಗೆಯಿಲ್ಲದೆ ಸಾಟಿ ಹಾಕುವಂತಿಲ್ಲ. ಆ ಕಟ್ಟಳೆಯಿಂದ ಬೇಸ್‌ಬಾಲ್ ಆಟವೇನೂ ಮುಳುಗಲಿಲ್ಲ.

ಬ್ಯಾಸ್ಕೆಟ್‌ಬಾಲಿನಲ್ಲಿ ಅಂಥ ಸಾಮಾನ್ಯ ಹಕ್ಕಿಲ್ಲ. 8 ವರ್ಷ ಆಡಿ, ಅದರಲ್ಲಿ 4 ವರ್ಷ ಒಂದೇ ತಂಡದಲ್ಲಿದ್ದವನು ಕರಾರು ಮಾಡುವಾಗ ಒಪ್ಪಿಗೆಯ ಷರತ್ತನ್ನು ಕೇಳಬಹುದು. ಕೊಡುವುದು ಬಿಡುವುದು ಧಣಿಯ ಮರ್ಜಿ. ಪಡೆದವರು ಬೆರಳೆಣಿಕೆಯ ಮಂದಿ. ಡಿರೋಜನ್ ಅವರಿಗಿರಲಿಲ್ಲ. ಡಾನ್ಚಿಚ್ ಅವರಿಗೂ ಇರಲಿಲ್ಲ.

ನಮ್ಮ ಮಾತು

ಆದ್ದರಿಂದ ನಮ್ಮ ಖಚಿತ ಅಭಿಪ್ರಾಯ ಹೀಗಿದೆ. ಕೆಲವು ವರ್ಷ ಒಂದು ಊರಿಗೆ ದುಡಿದ ಆಟಗಾರನನ್ನು, ಅವನು ತಾರೆಯಾಗಲಿ ತಕ್ಕಡಿಯ ಕಲ್ಲಾಗಲಿ, ಅವನ ಒಪ್ಪಿಗೆಯಿಲ್ಲದೆ ಸಾಟಿ ಹಾಕಕೂಡದು. ಅದು ಧಣಿಯ ಮರ್ಜಿಯ ಷರತ್ತಾಗಿ ಉಳಿಯದೆ ಎಲ್ಲರ ಹಕ್ಕಾಗಬೇಕು. ಅದನ್ನು ಗಳಿಸುವವರು ಅಲ್ಲಿನ ಆಟಗಾರರು. ಅವರ ಬೆನ್ನಿಗೆ ನಿಲ್ಲಬೇಕಾದವರು ಅಲ್ಲಿನ ಅಭಿಮಾನಿಗಳು.

ಹಾಗಾದರೆ ತಾರೆಯನ್ನು ತರುವುದು ಹೇಗೆ ಎಂದು ಕೇಳುವಿರಾ? ಕರೆದು ತನ್ನಿ. 1996ರಲ್ಲಿ ಶಕೀಲ್ ಓನೀಲ್ ಎಂಬ ಮಹಾ ಆಟಗಾರರು ಕರಾರು ಮುಗಿಸಿ ತಾವೇ ಒಪ್ಪಿ ಲೇಕರ್ಸಿಗೆ ಬಂದರು; 2000ದಿಂದ ಮೂರು ವರ್ಷ ಸಾಲಾಗಿ ಆ ತಂಡ ಗೆದ್ದಿತು. ಒಳ್ಳೆಯ ಊರು, ಒಳ್ಳೆಯ ಜೊತೆಗಾರರು, ಮಾತಿಗೆ ತಪ್ಪದ ಆಡಳಿತ ಇದ್ದರೆ ಮನುಷ್ಯ ಬರುತ್ತಾನೆ. ಇಲ್ಲದಿದ್ದರೆ ಇರುವವರನ್ನು ಬೆಳೆಸಿ.

ಸಾಟಿಯಾಗಿ ಎರಡು ತಿಂಗಳಾದ ಮೇಲೆ, 2025ರ ಏಪ್ರಿಲ್ 9ರಂದು, ಡಾನ್ಚಿಚ್ ಲೇಕರ್ಸ್ ಅಂಗಿ ತೊಟ್ಟು ಡಲ್ಲಾಸಿಗೆ ಆಡಲು ಬಂದರು. ಪಂದ್ಯಕ್ಕೆ ಮುಂಚೆ ಅವರ ಹಳೆಯ ಆಟದ ಚಿತ್ರ ತೋರಿಸಿದರು. ಬೆಂಚಿನ ಮೇಲೆ ಕುಳಿತು ಅವರು ಅತ್ತರು. ಆಮೇಲೆ ಎದ್ದು 45 ಅಂಕ ಗಳಿಸಿದರು. ಎದುರು ತಂಡದವರಾದರೂ ಡಲ್ಲಾಸಿನ ಜನ ಅವರಿಗಾಗಿ ಕೂಗಿದರು. ಆ ಸಂಜೆ ಆ ಜನಕ್ಕೆ ಕಿರ್ದಿ ಪುಸ್ತಕ ಮರೆತುಹೋಗಿತ್ತು. ಮುಂದೆ ಕುಳಿತ ಮನುಷ್ಯ ಕಂಡಿದ್ದ.

ಆ ಕಣ್ಣು ಒಂದು ಸಂಜೆಗೆ ಮುಗಿಯಬಾರದು. ತಾರೆಗಾಗಿ ತೆರೆದ ಕಣ್ಣು, ಅವನ ಜೊತೆ ತೂಕಕ್ಕೆ ಹೋದವನಿಗೂ ತೆರೆಯಬೇಕು. ಗಿರಣಿಯ ಕೆಲಸಗಾರ ಬಂಧುಗಳೇ, ಅಂಗಡಿಯ ಬಂಧುಗಳೇ, ನಾಳೆ ನಿಮ್ಮ ಮುಂದೆ ಯಾರಾದರೂ, ಯಾವ ಆಟದ ವಿಷಯಕ್ಕಾಗಲಿ ಯಾವ ಕಾರ್ಖಾನೆಯ ವಿಷಯಕ್ಕಾಗಲಿ, ‘ಅವನನ್ನು ತೆಗೆದು ಇವನನ್ನು ಹಾಕಿದರೆ ನಮಗೆ ಲಾಭ’ ಎಂದು ಮಾತು ತೆಗೆದರೆ ಒಂದೇ ಪ್ರಶ್ನೆ ಕೇಳಿ: ಅವನನ್ನು ಕೇಳಿದಿರಾ?